ಬಿತ್ತಿದ್ದಲ್ಲ, ಬಿಸಾಡಿದ್ದು

ಬೀಜ ಹಾಕುವ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೊಂದು ಆಗದೆ ಇರುತ್ತಿರಲಿಲ್ಲ. ಅಳುವಂಥದ್ದು ಆದ ವರ್ಷವೂ ಅದು ತಪ್ಪಲಿಲ್ಲ. ಅದನ್ನೇ ಬರೆಯಲು ಕುಳಿತಿದ್ದೇನೆ. ಬರೆದು ಅಭ್ಯಾಸವಿಲ್ಲ, ಆದ್ದರಿಂದ ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೆನಪಾಗಿ ನಡುವೆ ತುರುಕುವುದು ಬೇಡ.

ಮನೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಮಂಗಳೂರು ಇನ್ನೂ ಮದ್ರಾಸಿಗೆ ಸೇರಿತ್ತು. ಇಲ್ಲಿ ಹೇಳುವ ಕೊನೆಯ ಸಂಗತಿ ನಡೆಯುವಾಗ ನಾವು ಮೈಸೂರು ರಾಜ್ಯದವರಾಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ನನ್ನ ಅತ್ತೆ, ನನ್ನ ಗಂಡ ಮತ್ತು ನಾನು. ಅತ್ತೆಯನ್ನು ನಾವು ಕೊಂಕಣಿ ಕ್ರಿಶ್ಚಿಯನರು ಮಾಂಯ್ ಎನ್ನುತ್ತೇವೆ. ಗಂಡ ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ನಾನು ಬಲ್ಮಠದ ಕಡೆ ಒಂದು ಶಾಲೆಯಲ್ಲಿ ಟೀಚರ್.

ಪಾಗಾರದ ಆಚೆ ಇನ್ನೊಂದು ಮನೆ. ಪಾಗಾರ ಎಂದರೆ ಕಂಪೌಂಡಿನ ಗೋಡೆ; ನಮ್ಮದು ಮುರಕಲ್ಲಿನದು, ಎದೆಯ ಎತ್ತರ. ಎರಡೂ ಕಡೆಯವರು ಅದರ ಮೇಲೆ ಮೊಣಕೈ ಊರಿ ಮಾತಾಡಬಹುದು. ಆಚೆ ಇದ್ದವರು ತುಳು ಮಾತಾಡುವ ಹಿಂದೂ ದಂಪತಿ, ಮಕ್ಕಳಿರಲಿಲ್ಲ. ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರ ಗಂಡ ಬಸ್ಸಿನ ಕಂಡಕ್ಟರ್, ಆದ್ದರಿಂದ ಕಂಡಕ್ಟರಣ್ಣ. ನಮ್ಮ ಎರಡು ಮನೆಗಳ ನಡುವಿನ ಮಾತು ತುಳುವಿನಲ್ಲಿ. ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಅರ್ಧ ರುಚಿ ಇಲ್ಲೇ ಹೋಯಿತು.

ಇನ್ನು ಬೀಜದ ಕಾಲ. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳವೆಲ್ಲ ನೀರು. ಮಳೆ ಬಿಟ್ಟು ದೀಪಾವಳಿ ಕಳೆದು ಚಳಿ ಹಿಡಿದ ಮೇಲೆಯೇ ತರಕಾರಿಗೆ ಮಣ್ಣು ಹದವಾಗುವುದು. ಚಳಿ ಎಂದರೆ ಬೆಳಿಗ್ಗೆ ಒಂದು ಶಾಲು ಬೇಕೆನಿಸುವಷ್ಟು, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬೆವರುವಷ್ಟು. ಆಗ ಮಾಂಯ್ ಮತ್ತು ಅಕ್ಕ ಪಾಗಾರಕ್ಕೆ ಆತುಕೊಂಡು, ಹರಿವೆ ಎಲ್ಲಿ, ಅಲಸಂಡೆ ಎಲ್ಲಿ, ಸೌತೆ ಯಾರ ಕಡೆ, ಹೀರೆಯ ಚಪ್ಪರ ಯಾರ ಕಡೆ ಎಂದು ದಿನಗಟ್ಟಲೆ ಚರ್ಚೆ ಮಾಡುತ್ತಿದ್ದರು. ಎಲ್ಲ ನಿಶ್ಚಯವಾದ ಮೇಲೆ ಕಂಡಕ್ಟರಣ್ಣ ಜಗಲಿಯಲ್ಲಿ ನಿಂತು ಬಸ್ಸಿನಲ್ಲಿ ಕೂಗುವ ಹಾಗೆ "ರೈಟ್, ಪೋಯಿ" ಎನ್ನಬೇಕು. ಪೋಯಿ ಎಂದರೆ ಹೋಗುವ ಎಂದು. ಅವರು ಹಾಗೆ ಅಂದ ಮೇಲೆಯೇ ಅಕ್ಕ ಮೊದಲ ಬೀಜ ಹಾಕುವುದು. ಯಾರು ಮಾಡಿದ ಕ್ರಮವೋ ಗೊತ್ತಿಲ್ಲ. ನಾನು ಬರುವಾಗಲೇ ಇತ್ತು.

ಬಲ್ಲಿ

ನಾನು ಕುಂದಾಪುರದ ಕಡೆಯವಳು. ನನಗೆ ಕೊಂಕಣಿ ಗೊತ್ತು, ಕನ್ನಡ ಗೊತ್ತು, ತುಳು ಗೊತ್ತಿರಲಿಲ್ಲ. ಮದುವೆಯ ಹೊಸತರಲ್ಲಿ ಒಂದು ಬೆಳಿಗ್ಗೆ, ಒಳ್ಳೆಯ ಸೊಸೆ ಎನ್ನಿಸಿಕೊಳ್ಳಬೇಕೆಂದು ಹಿತ್ತಿಲಿನ ಕಳೆ ಕೀಳಲು ಕುಳಿತೆ. ಪಾಗಾರದ ಆಚೆಯಿಂದ ಅಕ್ಕ "ಬಲ್ಲಿ, ಬಲ್ಲಿ" ಎಂದರು. ನಾನು ಬಳ್ಳಿ ಎಂದು ತಿಳಿದೆ. ಬಳ್ಳಿಯ ಜಾತಿಯ ಕಳೆ ಉಂಟು, ಅದನ್ನೂ ಬಿಡಬೇಡ ಎನ್ನುತ್ತಿದ್ದಾರೆ ಎಂದುಕೊಂಡು ಬಳ್ಳಿಯ ಹಾಗೆ ಕಂಡದ್ದನ್ನೆಲ್ಲ ಕಿತ್ತೆ. ಅವರು ಇನ್ನೂ ಜೋರಾಗಿ "ಬಲ್ಲಿ" ಎಂದರು. ನಾನು ಇನ್ನೂ ಜೋರಾಗಿ ಕಿತ್ತೆ. ಇಷ್ಟು ಆಸಕ್ತಿಯಿಂದ ಕೆಲಸ ಹೇಳಿಕೊಡುವ ನೆರೆಯವರು ಸಿಕ್ಕಿದ್ದು ನನ್ನ ಭಾಗ್ಯ ಎಂದೂ ಅನ್ನಿಸಿತು.

ತುಳುವಿನಲ್ಲಿ ಬಲ್ಲಿ ಎಂದರೆ ಕೂಡದು, ಬೇಡ ಎಂದು. ನಾನು ಕಿತ್ತದ್ದು ಆಗ ತಾನೇ ಕುಡಿ ಚಾಚತೊಡಗಿದ್ದ ಹೀರೆ ಮತ್ತು ಸೌತೆ.

ಅಕ್ಕ ಮಾಂಯನ್ನು ಕರೆದು, ನಿಮ್ಮ ಸೊಸೆಗೆ ಕಿವಿ ಕೇಳ್ತದಾ ಎಂದು ಮೆಲ್ಲ ವಿಚಾರಿಸಿದರಂತೆ. ಮಾಂಯ್ ನನ್ನ ಕೈಯಲ್ಲಿದ್ದ ಸಸಿಗಳನ್ನು ನೋಡಿ ಹೇಳಿದರು:

"ಕಿವಿ ಕೇಳ್ತದೆ. ತುಳು ಕೇಳುವುದಿಲ್ಲ."

ಬೀಜಕ್ಕೆ ಜ್ವರ

ಕಾರ್ಖಾನೆಯ ಇಂಗ್ಲಿಷ್ ದೊರೆ ತನ್ನ ಊರಿಗೆ ಹಿಂದಿರುಗುವಾಗ ಸಾಮಾನನ್ನೆಲ್ಲ ಆಫೀಸಿನವರಿಗೆ ಹಂಚಿದ. ಒಬ್ಬರಿಗೆ ಕುರ್ಚಿ ಸಿಕ್ಕಿತು, ಒಬ್ಬರಿಗೆ ಗಡಿಯಾರ. ನನ್ನ ಗಂಡನಿಗೆ ಸಿಕ್ಕಿದ್ದು ತೋಟಗಾರಿಕೆಯ ಒಂದು ದಪ್ಪ ಪುಸ್ತಕ. ಬೇಸರವಾಗಿದ್ದರೂ ಅವರು ತೋರಿಸಿಕೊಳ್ಳಲಿಲ್ಲ. ಅದರ ಬದಲು ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿಬಿಟ್ಟರು.

ಪುಸ್ತಕದ ಪ್ರಕಾರ ಚಳಿಗಾಲದಲ್ಲಿ ಬೀಜವನ್ನು ಹೊರಗೆ ಹಾಕಬಾರದು. ಹಿಮ ಬಿದ್ದು ಸಾಯುತ್ತದೆ. ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ ಮೊಳೆಯಿಸಿ, ಹಿಮ ಕರಗಿದ ಮೇಲೆ ಹೊರಗೆ ನೆಡಬೇಕು. ಬಿಕರ್ನಕಟ್ಟೆಯಲ್ಲಿ ಹಿಮ ಎಲ್ಲಿಂದ ಬರಬೇಕು ಎಂದು ಮಾಂಯ್ ಕೇಳಿದರು. ಬಂದರೆ ಎಂತ ಮಾಡುವುದು ಎಂದು ಇವರು ಕೇಳಿದರು. ಕಾರ್ಖಾನೆಯಿಂದ ಒಡೆದ ಮಾಡಿನ ಹಂಚುಗಳನ್ನು ತಂದು, ಅವುಗಳಲ್ಲಿ ಮಣ್ಣು ತುಂಬಿಸಿ, ಕೋಸಿನ ಬೀಜ ಹಾಕಿ, ಸಾಲಾಗಿ ನಮ್ಮ ಮಂಚದ ಕೆಳಗಿಟ್ಟರು. ಮೇಲೊಂದು ಕಂಬಳಿ ಹೊದೆಸಿದರು. ದಿನಕ್ಕೆ ಎಷ್ಟೋ ಸಲ ಬಗ್ಗಿ, ಕಂಬಳಿಯೊಳಗೆ ಕೈ ಹಾಕಿ, ಬೆಚ್ಚಗಿದೆಯೇ ಎಂದು ನೋಡುವರು.

ಅಕ್ಕ ಒಂದು ದಿನ ಕಾಯಿ ತುರಿಯುವ ಹೆರೆಮಣೆ ಕೇಳಲು ಬಂದವರು ಇವರು ಹಾಗೆ ಬಗ್ಗಿರುವುದನ್ನು ಕಂಡರು. ನಮ್ಮ ಗಂಡಸರನ್ನು ತುಳುವರು ಮರ್ಯಾದೆಯಿಂದ ಪೊರ್ಬುಲು ಎನ್ನುತ್ತಾರೆ, ಹೆಂಗಸರನ್ನು ಬಾಯಮ್ಮ.

"ಎಂತ ಪೊರ್ಬುಲೇ, ಬೀಜಕ್ಕೆ ಜ್ವರವಾ?"

ಇವರು ಕಂಬಳಿ ಸರಿಮಾಡಿದರು. ಅಕ್ಕ ಹೆರೆಮಣೆ ತೆಗೆದುಕೊಂಡು ಹೊರಡುವಾಗ ಬಾಗಿಲಲ್ಲಿ ತಿರುಗಿ ಹೇಳಿದರು: "ಬೆವರು ಬಿಟ್ಟರೆ ಹೇಳಿ ಕಳಿಸಿ. ಗಂಜಿ ತರ್ತೇನೆ."

ಈ ಮಾತನ್ನು ನಾವು ವರ್ಷಗಟ್ಟಲೆ ಹೇಳಿ ನಕ್ಕಿದ್ದೇವೆ. ಮುಂದೆ ಅದನ್ನು ಹೇಳಲಾಗದ ವರ್ಷವೂ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಕೈಗುಣ

ಕೈಗುಣದ ಬಗ್ಗೆ ವಿವರಿಸಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಆದರೂ ಹೇಳುತ್ತೇನೆ. ಒಂದೇ ಬೀಜ, ಒಂದೇ ಮಣ್ಣು, ಒಂದೇ ನೀರು. ಒಬ್ಬರು ಹಾಕಿದರೆ ಬರುತ್ತದೆ, ಇನ್ನೊಬ್ಬರು ಹಾಕಿದರೆ ಬರುವುದಿಲ್ಲ. ನಾನು ಎರಡನೆಯ ಜಾತಿ. ನಾನು ಹಾಕಿದ ಹರಿವೆ ಇರುವೆಗಳಿಗೆ ಹೋಯಿತು. ಅಲಸಂಡೆ ಮಣ್ಣಿನಲ್ಲೇ ಕೊಳೆಯಿತು. ಮಾಂಯ್ ಅದಕ್ಕಾಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಬೀಜದ ಕರಟವನ್ನು ಮಾತ್ರ ನನ್ನ ಕೈಗೆ ಎಟುಕದ ಮಾಡಿಗೆ ವರ್ಗಾಯಿಸಿದರು.

ಅಕ್ಕನ ಕೈಯಲ್ಲಿ ಕಲ್ಲೂ ಮೊಳೆಯುತ್ತದೆ ಎಂದು ಕಂಡಕ್ಟರಣ್ಣ ಬಸ್ಸಿನಲ್ಲಿ ಸಾರುತ್ತಿದ್ದರು. ಅವರಿಗೆ ಹೆಂಡತಿಯ ಬಗ್ಗೆ ಅಷ್ಟು ಹೆಮ್ಮೆ, ಮುಚ್ಚಿಡಲು ಬರುತ್ತಿರಲಿಲ್ಲ. ಟಿಕೇಟು ಹರಿಯುತ್ತಾ ಹೇಳುವರು. ಪರಿಣಾಮವಾಗಿ ದೂರದ ಕೊಟ್ಟಾರದಿಂದಲೂ ಜನ ಬೀಜದ ಪೊಟ್ಟಣ ಹಿಡಿದುಕೊಂಡು ಅಕ್ಕನ ಕೈ ಮುಟ್ಟಿಸಲು ಬರುವಂತಾಯಿತು. ಒಬ್ಬ ಹೆಂಗಸು ಹೇಂಟೆಯನ್ನೂ ಮೊಟ್ಟೆಗಳನ್ನೂ ತಂದು, ಕಾವಿಗೆ ನೀವೇ ಇಟ್ಟು ಕೊಡಿ ಎಂದಳು. ಅಕ್ಕ ಇಟ್ಟುಕೊಟ್ಟರು. ಮರಿಗಳೆಲ್ಲ ಹುಂಜವಾದವು ಎಂದು ಆಮೇಲೆ ಅದೇ ಹೆಂಗಸು ಜಗಳಕ್ಕೂ ಬಂದಳು.

ಇದನ್ನೆಲ್ಲ ನೋಡಿ ನನ್ನ ಗಂಡನಿಗೂ ಆಸೆಯಾಯಿತು. ಅವರ ಕೂದಲು ಮದುವೆಗೆ ಮೊದಲೇ ಹೊರಟಿತ್ತು. ಪಾಗಾರದ ಹತ್ತಿರ ಹೋಗಿ ಟೊಪ್ಪಿ ತೆಗೆದು, ನನ್ನ ತಲೆಗೂ ನಿಮ್ಮ ಕೈಯಿಂದ ನಾಲ್ಕು ತೊಟ್ಟು ಎಣ್ಣೆ ಹಾಕಿ ಅಕ್ಕ, ಏನಾದರೂ ಬಂದೀತು ಎಂದರು.

ಅಕ್ಕ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಪೊರ್ಬುಲೇ, ಮೊದಲು ಎಲ್ಲಿಂದಾದರೂ ಮಣ್ಣು ತನ್ನಿ."

ಹೊಟ್ಟೆಗೆ ಚಪ್ಪರ

ಕಂಡಕ್ಟರಣ್ಣ ತೆಳ್ಳಗಿನ ಮನುಷ್ಯ, ಆದರೆ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಅಭ್ಯಾಸ. ಒಂದು ವರ್ಷ ಅಕ್ಕ ಒಳ್ಳೆಯ ಅಲಸಂಡೆ ಬೀಜ ಆರಿಸಿ, ಬೇಗ ಮೊಳೆಯಲೆಂದು ಹಿಂದಿನ ಸಂಜೆ ನೀರಲ್ಲಿ ಹಾಕಿಟ್ಟಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವ ಅವಸರದಲ್ಲಿ ಅಣ್ಣ ಅದನ್ನು ಕಂಡರು. ಹೆಂಡತಿ ತನಗಾಗಿ ತಿಂಡಿ ಮಾಡಿಟ್ಟಿದ್ದಾಳೆ ಎಂದು ತಿಳಿದು, ಬೆಲ್ಲ ಕೂಡಿಸಿ ಎಲ್ಲವನ್ನೂ ತಿಂದು ಹೋದರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಂಜೆ ಬಂದು, ಇವತ್ತಿನ ಉಸ್ಲಿ ಸ್ವಲ್ಪ ಗಟ್ಟಿಯಿತ್ತು, ನಾಳೆ ಇನ್ನೂ ಬೇಯಿಸು ಎಂದು ತಪ್ಪು ಬೇರೆ ಹುಡುಕಿದರು.

ಆ ವರ್ಷ ಪಾಗಾರದ ಎರಡೂ ಕಡೆ ಅಲಸಂಡೆ ಇಲ್ಲ. ಅಕ್ಕ ಮೂರು ದಿನ ಸಿಟ್ಟಿನಲ್ಲಿದ್ದು, ನಾಲ್ಕನೆಯ ದಿನ ಮಾಂಯ್‌ಯ ಹತ್ತಿರ ಬಂದು ಬಹಳ ಗಂಭೀರವಾಗಿ ನಾಲ್ಕು ಕೋಲು ಕೇಳಿದರು. ಯಾತಕ್ಕೆ ಎಂದು ಮಾಂಯ್ ವಿಚಾರಿಸಿದರು.

"ಅವರ ಹೊಟ್ಟೆಗೆ ಚಪ್ಪರ ಹಾಕ್ಲಿಕ್ಕೆ ಬಾಯಮ್ಮ. ಇನ್ನು ಬಳ್ಳಿ ಹೊರಗೆ ಬರುವ ಸಮಯ ಆಯ್ತು."

ಗೋದಲಿಯ ಗದ್ದೆ

ಕ್ರಿಸ್ಮಸ್ಸಿಗೆ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುತ್ತಾರೆ. ಬಾಲ ಯೇಸು ಹುಟ್ಟಿದ ಕೊಟ್ಟಿಗೆಯ ಚಿಕ್ಕ ಮಾದರಿ ಅದು: ಹುಲ್ಲಿನ ಮಾಡು, ಮಣ್ಣಿನ ಕುರಿಗಳು, ಕುರುಬರು, ಮೂವರು ಅರಸರು. ಸುತ್ತಲೂ ಹಸುರು ಗದ್ದೆ ಬೇಕಲ್ಲ, ಅದಕ್ಕೆ ಹಬ್ಬಕ್ಕೆ ಕೆಲವು ದಿನ ಮೊದಲೇ ಕರಟಗಳಲ್ಲಿ, ಅಗಲ ತಟ್ಟೆಗಳಲ್ಲಿ ಭತ್ತ ಮತ್ತು ರಾಗಿ ಬಿತ್ತುತ್ತಾರೆ. ಹಬ್ಬದ ದಿನಕ್ಕೆ ಬೆರಳುದ್ದ ಬಂದರೆ ಸರಿ. ಚಳಿಯಲ್ಲಿ ನಾವು ಹಾಕುವ ಮೊದಲ ಬೀಜವೇ ಅದು. ನಮ್ಮ ಮನೆಯ ಗೋದಲಿಗೂ ಬಿತ್ತುತ್ತಿದ್ದವರು ಅಕ್ಕ. ಮಿಂದು, ಶುದ್ಧ ಸೀರೆ ಉಟ್ಟುಕೊಂಡು ಬರುತ್ತಿದ್ದರು. ನಿಮ್ಮ ದೇವರ ಗದ್ದೆ, ಹೇಗೆ ಹೇಗೋ ಮುಟ್ಟಬಾರದು ಎನ್ನುತ್ತಿದ್ದರು.

ಒಂದು ಸಲ ಅವರು ಏನೋ ನೆನಪಿನಲ್ಲಿ ಸ್ವಲ್ಪ ಬೇಗನೇ ಬಿತ್ತಿಬಿಟ್ಟರು. ಪೈರು ಬಂತು, ಬರುತ್ತಲೇ ಇತ್ತು. ಮೊದಲು ಕುರಿಗಳು ಕಾಣದಾದವು. ಆಮೇಲೆ ಕುರುಬರು. ಮೂವರು ಅರಸರಲ್ಲಿ ಒಬ್ಬನ ಕಿರೀಟದ ತುದಿ ಮಾತ್ರ ಹೊರಗಿತ್ತು. ಕತ್ತರಿಸುವ ಎಂದು ನಾನು ಹೇಳಿದೆ, ಅಕ್ಕನಿಗೆ ಬೇಸರವಾಗ್ತದೆ ಎಂದು ಮಾಂಯ್ ಬಿಡಲಿಲ್ಲ.

ಇಗರ್ಜಿಯ ಫಾದರ್ ಮನೆಮನೆಯ ಗೋದಲಿ ನೋಡಲು ಬಂದರು. ಆಗ ಅಕ್ಕ ಮತ್ತು ಕಂಡಕ್ಟರಣ್ಣ ನಮ್ಮಲ್ಲೇ ಕುಳಿತು ಕುಸ್ವಾರ್ ತಿನ್ನುತ್ತಿದ್ದರು (ಹಬ್ಬದ ತಿಂಡಿಗಳಿಗೆ ನಾವು ಹಾಗೆನ್ನುತ್ತೇವೆ). ಫಾದರ್ ಬಗ್ಗಿ ಆಚೆ ಈಚೆ ನೋಡಿ, ಬಾಲ ಯೇಸು ಎಲ್ಲಿ ಎಂದು ಕೇಳಿದರು. ಕಂಡಕ್ಟರಣ್ಣ ಬಾಯಲ್ಲಿದ್ದ ಚಕ್ಕುಲಿ ನುಂಗಿ ಎದ್ದು ನಿಂತರು.

"ಒಳಗೆ ಇದ್ದಾರೆ ಫಾದರ್. ಕೊಯ್ಲಿನವರಿಗೆ ಹೇಳಿ ಕಳಿಸಿದ್ದೇವೆ."

ಹಡಿಲು

ಮುಂದಿನ ಮಳೆಗಾಲದಲ್ಲಿ ಕಂಡಕ್ಟರಣ್ಣ ತೀರಿಹೋದರು. ಆಟಿ ತಿಂಗಳು, ಅಂದರೆ ಮಳೆ ಬಿಡದೆ ಹೊಡೆಯುವ ತಿಂಗಳು. ಜ್ವರ ಎಂದು ಮಲಗಿದವರು ಏಳಲಿಲ್ಲ. ಔಷಧ ಕೊಡಿಸಿದರು, ಆಸ್ಪತ್ರೆಗೂ ಕರೆದುಕೊಂಡು ಹೋದರು. ಅಕ್ಕ ಹಾಸಿಗೆಯ ಪಕ್ಕ ಕುಳಿತು ಚಮಚದಲ್ಲಿ ಗಂಜಿ ಕುಡಿಸುವರು, ಅವರು ಅಷ್ಟನ್ನೂ ಕಕ್ಕುವರು. ತಿನ್ನುವುದರಲ್ಲಿ ಅಷ್ಟು ಸಂತೋಷವಿದ್ದ ಮನುಷ್ಯ. ಇದನ್ನು ಬರೆಯದೆ ಬಿಡೋಣ ಎಂದಿದ್ದೆ, ಆದರೆ ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವರನ್ನು ಕೊಂಡುಹೋದ ಮರುದಿನ ಅವರು ಕೆಲಸ ಮಾಡುತ್ತಿದ್ದ ಬಸ್ಸು ನಮ್ಮ ಮನೆಗಳ ಎದುರು ನಿಂತಿತು. ಅಲ್ಲಿ ಸ್ಟಾಪ್ ಇರಲಿಲ್ಲ. ಡ್ರೈವರ್ ಸುಮ್ಮನೆ ನಿಲ್ಲಿಸಿದ್ದ. ಒಳಗಿದ್ದವರು ಯಾರೂ ರೈಟ್ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಸ್ಸು ತಾನಾಗಿ ಹೊರಟಿತು.

ಅಕ್ಕ ಹೊಟ್ಟೆಪಾಡಿಗೆ ಬೀಡಿ ಕಟ್ಟಲು ತೊಡಗಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಡಿಲಲ್ಲಿ ಬೀಡಿಯ ತಟ್ಟೆ. ಮಳೆ ಬಿಟ್ಟಿತು, ಚಳಿ ಬಂತು, ಅವರ ಹಿತ್ತಿಲಿನಲ್ಲಿ ಹುಲ್ಲು ಬೆಳೆಯಿತು. ಮಾಂಯ್ ಬೀಜದ ಕರಟ ಹಿಡಿದು ಪಾಗಾರಕ್ಕೆ ಹೋದರೆ, ಕೈ ಖಾಲಿ ಇಲ್ಲ ಬಾಯಮ್ಮ ಎಂಬ ಉತ್ತರ.

ಹೇಗಾದರೂ ಒಂದು ಬೀಜ ಅಕ್ಕನ ಕೈಗೆ ಮುಟ್ಟಿಸಬೇಕೆಂದು ನಾವು ಮೂವರೂ ಹೊರಟೆವು. ಮಾಂಯ್ ಮಾತಿನ ನಡುವೆ, ಸೀರೆಯ ನೆರಿಗೆ ಬಿಚ್ಚಿತು ಮಾರಾಯ್ತಿ, ಇದನ್ನೊಮ್ಮೆ ಹಿಡ್ಕೊ ಎಂದು ಕರಟ ನೀಡಿದರು. ಅಕ್ಕ, ನೆಲದಲ್ಲಿಡಿ ಎಂದರು. ನಾನು ಅವರ ಬೀಡಿಯ ಎಲೆಯ ಕಟ್ಟಿನೊಳಗೆ ಅಲಸಂಡೆ ಬೀಜ ಅಡಗಿಸಿಟ್ಟೆ. ಅಕ್ಕ ಎಲೆ ಕತ್ತರಿಸುವ ಕತ್ತರಿಯ ತುದಿಯಿಂದ ಅವನ್ನು ಒಂದೊಂದಾಗಿ ಎತ್ತಿ, ಬೆರಳು ಸೋಕಿಸದೆ, ನನ್ನ ಸೆರಗಿಗೆ ಹಾಕಿದರು. ನನ್ನ ಗಂಡ ಅವರನ್ನು ನಗಿಸಿಯಾದರೂ ನೋಡುವ ಎಂದು ಇಂಗ್ಲಿಷ್ ಪುಸ್ತಕ ತಂದು ಹಿಮದ ಅಧ್ಯಾಯವನ್ನು ಪೂರ್ತಿ ತುಳುವಿನಲ್ಲಿ ಓದಿದರು. ಅಕ್ಕ ಬೀಡಿ ಸುತ್ತುತ್ತಾ ಎಲ್ಲವನ್ನೂ ಕೇಳಿ, ಪಾಪ, ಆ ಊರಿನವರಿಗೆ ತುಂಬ ಕಷ್ಟ ಎಂದರು. ಜ್ವರದ ತಮಾಷೆ ಅವರ ನೆನಪಿಗೂ ಬಂದಿರಬೇಕು, ನಮ್ಮ ನೆನಪಿಗೂ ಬಂತು. ಯಾರೂ ಹೇಳಲಿಲ್ಲ.

ಕೊನೆಗೆ ಮಾಂಯ್ ನೇರವಾಗಿಯೇ ಕೇಳಿದರು, ಗೋದಲಿಗಾದರೂ ನಾಲ್ಕು ಕಾಳು ಹಾಕು ಎಂದು. ಅಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡರು.

"ಅವರಿಗೆ ಗಂಜಿ ಕುಡಿಸಿದ್ದು ಈ ಕೈಯೇ ಬಾಯಮ್ಮ. ಒಂದು ಚಮಚವೂ ಮೈಗೆ ಹತ್ತಲಿಲ್ಲ. ಇನ್ನು ಎಂತ ಕೈಗುಣ. ಬಲ್ಲಿ."

ಆ ದಿನ ನಾನು ಬಲ್ಲಿಯನ್ನು ಬಳ್ಳಿ ಎಂದು ತಪ್ಪು ತಿಳಿಯಲಿಲ್ಲ.

ಮನೆಗೆ ಬಂದು ಮಾಂಯ್‌ಗೆ ಸಮಾಧಾನ ಹೇಳಿದೆ: ಹೋಗಲಿ ಬಿಡಿ, ತರಕಾರಿ ಮಾರ್ಕೆಟ್ಟಿನಲ್ಲಿ ಸಿಗ್ತದೆ. ಮಾಂಯ್ ಒಲೆಯ ಕಡೆ ಮುಖ ಮಾಡಿಕೊಂಡೇ ಉತ್ತರ ಕೊಟ್ಟರು. "ತರಕಾರಿ ಸಿಗ್ತದೆ. ಅವಳು ಸಿಗ್ತಾಳಾ?"

ಗೋದಲಿಯ ಗದ್ದೆಗೆ ನಾನೇ ಬಿತ್ತಿದೆ. ಏನೂ ಬರಲಿಲ್ಲ. ಕುರುಬರು ಕೆಂಪು ಮಣ್ಣಿನಲ್ಲಿ ನಿಂತಿದ್ದರು, ಕುರಿಗಳಿಗೆ ಮೇಯಲು ಏನೂ ಇರಲಿಲ್ಲ. ಫಾದರ್ ಬಂದು ನೋಡಿ, ಈ ವರ್ಷ ಗದ್ದೆ ಇಲ್ಲವಾ ಎಂದರು. ಬೇಸಾಯ ಮಾಡದೆ ಬಿಟ್ಟ ಗದ್ದೆಗೆ ನಮ್ಮಲ್ಲಿ ಹಡಿಲು ಎನ್ನುತ್ತಾರೆ.

"ಹಡಿಲು ಬಿಟ್ಟಿದ್ದೇವೆ ಫಾದರ್," ಎಂದರು ಮಾಂಯ್. "ಬಿತ್ತುವವರಿಗೆ ರಜೆ."

ಪಾಗಾರದ ಮೇಲಿನ ಪೊಟ್ಟಣ

ಹಬ್ಬ ಕಳೆದ ಮೇಲೆ ಮಾಂಯ್ ಹರಿವೆ, ಅಲಸಂಡೆ, ಸೌತೆ, ಹೀರೆ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಪಾಗಾರದ ಮೇಲಿಟ್ಟರು. ಹಿಂದಿನ ವರ್ಷ ಅಕ್ಕನೇ ಬೂದಿ ಹಚ್ಚಿ ಒಣಗಿಸಿ ಕೊಟ್ಟ ಬೀಜ. ಸಂಜೆ ನೋಡಿದರೆ ಪೊಟ್ಟಣ ಅಲ್ಲೇ. ಮರುದಿನವೂ ಅಲ್ಲೇ. ಕಾಗೆ ಕುಕ್ಕಿದರೆ ಮಾಂಯ್ ಮತ್ತೆ ಕಟ್ಟಿಡುವರು. ಅಕ್ಕ ಪಾಗಾರದ ಕಡೆಗೆ ಬೆನ್ನು ಹಾಕಿ ಕುಳಿತು ಬೀಡಿ ಕಟ್ಟುವರು.

ಹೀಗಿರುವಾಗ ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮಾಂಯ್, ನಾನು ಎದುರಿಗೇ ಇದ್ದರೂ ದೂರದಲ್ಲಿದ್ದವರಿಗೆ ಹೇಳುವ ಹಾಗೆ, ಕೊಂಕಣಿ ಬಿಟ್ಟು ತುಳುವಿನಲ್ಲಿ ಹೇಳತೊಡಗಿದರು. ಕೈಗುಣವಂತೆ, ಕೈಗುಣ. ಅದೆಲ್ಲ ನಮ್ಮ ಮಣ್ಣಿನ ಗುಣ. ನಮ್ಮ ಸುಡುಮಣ್ಣು, ನಮ್ಮ ಗೊಬ್ಬರ. ಆ ಕಂಡಕ್ಟರ್ ಬಸ್ಸಿನಲ್ಲಿ ಸುಮ್ಮನೆ ಸುಳ್ಳು ಹೇಳಿ ಹೇಳಿ ಹೆಂಡತಿಯನ್ನು ಮೇಲೇರಿಸಿದ್ದು.

ಪಾಗಾರದ ಆಚೆ ಬೀಡಿಯ ತಟ್ಟೆ ಬಿದ್ದ ಸದ್ದಾಯಿತು. ಅಕ್ಕ ಬಂದರು. ಅವರ ಮುಖ ಅಷ್ಟು ಕೆಂಪಾದದ್ದನ್ನು ನಾನು ಮೊದಲು ನೋಡಿರಲಿಲ್ಲ. ಪೊಟ್ಟಣವನ್ನು ಕೈಗೆತ್ತಿಕೊಂಡರು. ಕತ್ತರಿಯಿಂದ ಅಲ್ಲ, ಕೈಯಿಂದಲೇ, ಪೂರ್ತಿ ಮುಷ್ಟಿಯಲ್ಲಿ.

"ಅವರು ಒಂದು ದಿನವೂ ಸುಳ್ಳು ಹೇಳಿದವರಲ್ಲ," ಎಂದರು. "ತೆಕ್ಕೊಳ್ಳಿ. ನಿಮ್ಮ ಮಣ್ಣಿಗೇ ಹಾಕಿ."

ಬಿಸಾಡಿದರು. ಪೊಟ್ಟಣ ಸರಿಯಾಗಿ ಮಾಂಯ್‌ಯ ಹಣೆಗೆ ಬಡಿದು ಬಿಚ್ಚಿಕೊಂಡಿತು. ಬೀಜಗಳು ಜಗಲಿಗೆ, ಮೆಟ್ಟಿಲಿಗೆ, ಅಂಗಳಕ್ಕೆ ಎಲ್ಲ ಕಡೆ ಹಾರಿದವು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾಂಯ್ ಹುಬ್ಬಿನಲ್ಲಿ ಹರಿವೆಯ ಬೀಜ ತುಂಬಿಸಿಕೊಂಡು ನಿಂತಿದ್ದರು. ನಾನು ಹೆದರಿ ಹಿಡಿಸೂಡಿ ತೆಗೆದುಕೊಂಡೆ.

"ಗುಡಿಸ್ಬೇಡ," ಎಂದರು ಮಾಂಯ್.

ಬೇಕೆಂದೇ ಆ ಮಾತು ಆಡಿದ್ದೋ, ಬಾಯಿ ತಪ್ಪಿ ಬಂದದ್ದೋ, ಅವರು ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಭಾನುವಾರದಿಂದ ನಮ್ಮ ಅಂಗಳಕ್ಕೆ ಹಿಡಿಸೂಡಿ ಬೀಳಲಿಲ್ಲ. ನಮ್ಮ ಊರಲ್ಲಿ ಅಂಗಳ ಗುಡಿಸದ ಮನೆ ಎಂದರೆ ಸೊಸೆಗೆ ಹೆಸರು ಹೋಯಿತು ಎಂದೇ ಲೆಕ್ಕ, ನನ್ನದು ಹೋಯಿತು. ಮಾಂಯ್ ಬೆಳಿಗ್ಗೆ ಸಂಜೆ ಧೂಳು ಕೂರಿಸುತ್ತೇನೆ ಎಂದು ಮೆಟ್ಟಿಲಿಗೂ ನೀರು ಹಾಕುವರು. ನನ್ನ ಗಂಡ ಆಫೀಸಿಗೆ ಹೊರಡುವಾಗ ಎಲ್ಲಿ ಕಾಲಿಡಬೇಕೆಂದು ಮಾಂಯ್ ಬೆರಳಿನಿಂದ ತೋರಿಸುವರು, ಅವರು ಕೊಕ್ಕರೆಯ ಹಾಗೆ ಗೇಟಿನವರೆಗೆ ಹೋಗುವರು. ಮುಂದಿನ ಭಾನುವಾರ ಇಗರ್ಜಿಯಲ್ಲಿ ಮಾಂಯ್ ತಲೆ ಬಾಗಿಸಿದಾಗ ತುರುಬಿನಿಂದ ಎರಡು ಅಲಸಂಡೆ ಬೀಜ ಎದುರಿನ ಬೆಂಚಿನ ಮೇಲೆ ಬಿದ್ದವು.

ಆಮೇಲೆ ಮೊಳೆಯಿತು. ಮೆಟ್ಟಿಲಿನ ಸಂದಿಯಲ್ಲಿ ಕೆಂಪು ಹರಿವೆ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಅಲಸಂಡೆ, ನಡೆಯುವ ದಾರಿಯ ಮಧ್ಯದಲ್ಲಿ ಸೌತೆ. ಒಂದು ಹೀರೆಬಳ್ಳಿ ಸೀದಾ ನಮ್ಮ ಎದುರಿನ ಬಾಗಿಲಿಗೆ ಹೊರಟಿತ್ತು. ನಾವು ಬಿತ್ತಿದ ವರ್ಷಗಳಲ್ಲೂ ಅಷ್ಟು ದಟ್ಟವಾಗಿ ಬಂದದ್ದಿಲ್ಲ.

ಅಕ್ಕ ಪಾಗಾರದ ಆಚೆ ಬಂದು ನಿಲ್ಲುವರು, ನೋಡುವರು, ಹೋಗುವರು. ಒಂದು ಸಂಜೆ ಗೇಟು ತೆರೆದು ಒಳಗೆ ಬಂದರು. ಆಟಿಯ ನಂತರ ಅವರು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಕಂಕುಳಲ್ಲಿ ಕೋಲುಗಳ ಕಟ್ಟು, ಕೈಯಲ್ಲಿ ಬಾಳೆನಾರು. ಯಾರ ಮುಖವನ್ನೂ ನೋಡದೆ ನೆಲಕ್ಕೆ ಹೇಳಿದರು:

"ಇಷ್ಟು ಹತ್ತಿರ ಹತ್ತಿರ ಯಾರು ಹಾಕಿದ್ದು?"

"ನೀನೇ," ಎಂದರು ಮಾಂಯ್.

"ನಾನು ಬಿತ್ತಿದ್ದಲ್ಲ. ಬಿಸಾಡಿದ್ದು."

"ಬಿಸಾಡಿದ್ದಕ್ಕೇ ಇಷ್ಟು. ಅವನು ಸುಳ್ಳು ಹೇಳಿದ್ದಲ್ಲ ಮಾರಾಯ್ತಿ. ನಾನು ಹೇಳಿದ್ದು ಸುಳ್ಳು."

ಅಕ್ಕ ಹರಿವೆ ಇಲ್ಲದ ಒಂದು ಮೆಟ್ಟಿಲು ಹುಡುಕಿ ಕುಳಿತರು. ತುಂಬ ಹೊತ್ತು ಅತ್ತರು. ಅಣ್ಣ ತೀರಿಹೋದ ದಿನವೂ ಅವರು ಹಾಗೆ ಸ್ವರ ತೆಗೆದು ಅತ್ತಿರಲಿಲ್ಲ. ಮಾಂಯ್ ಪಕ್ಕದಲ್ಲಿ ನಿಂತು ಅವರ ತಲೆ ಸವರಿದರು. ಆಮೇಲೆ ಅಕ್ಕ ಮೂಗು ಒರೆಸಿಕೊಂಡು ಎದ್ದು, ಬಾಗಿಲಿಗೆ ಅಡ್ಡವಾಗಿ ಚಪ್ಪರದ ಕೋಲು ಊರಿದರು. ಒಳಗೆ ಹೋಗುವುದು ಹೇಗೆ ಎಂದು ನನ್ನ ಗಂಡ ಕೇಳಿದರು. ಹಿಂದಿನ ಬಾಗಿಲು ಉಂಟಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ನಾರು ಕಟ್ಟುತ್ತಾ ಅಕ್ಕ, ಅವರಿರುತ್ತಿದ್ದರೆ ಇದನ್ನು ಚಪ್ಪರ ಹತ್ತುವ ಮೊದಲೇ ತಿಂದು ಮುಗಿಸ್ತಿದ್ದರು ಎಂದರು. ಆಟಿಯ ನಂತರ ಅವರ ಬಾಯಲ್ಲಿ ಅಣ್ಣನ ಬಗ್ಗೆ ತಮಾಷೆ ಅದೇ ಮೊದಲು ಬಂದದ್ದು. ಮಾಂಯ್ ಹಣೆ ಉಜ್ಜಿಕೊಂಡರು.

"ಮುಂದಿನ ವರ್ಷ ಸ್ವಲ್ಪ ಮೆಲ್ಲ ಬಿಸಾಡು ಮಾರಾಯ್ತಿ. ಇನ್ನೂ ನೋಯ್ತದೆ."

ಕೊಡೆ

ಮಾಂಯ್ ಅದನ್ನು ತಮಾಷೆಗೆ ಹೇಳಿದ್ದು. ಆದರೆ ಮುಂದಿನ ಚಳಿಗಾಲ ಬಂದಾಗ ಅಕ್ಕ ಬಿತ್ತಲು ಒಪ್ಪಲೇ ಇಲ್ಲ. ಬೆರಳಿನಿಂದ ಮಣ್ಣು ಬಿಡಿಸಿ ಬೀಜ ಇಡುವುದು ತನ್ನಿಂದ ಇನ್ನು ಆಗುವುದಿಲ್ಲ, ಅದು ಅವರೊಟ್ಟಿಗೇ ಹೋಯಿತು ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, ಬಿಸಾಡಿದರೆ ಆದೀತಾ ಎಂದು.

ಆದೀತು ಎಂದರು ಮಾಂಯ್. ಹಾಗೆ ಹೊಸ ಕ್ರಮ ಶುರುವಾಯಿತು. ಎಲ್ಲಿ ಎಂತ ಎಂಬ ಚರ್ಚೆ ಬೇಡವೇ ಬೇಡ. ಬಿದ್ದಲ್ಲಿ ಅದರ ಜಾಗ. ಅಕ್ಕ ಪಾಗಾರದ ಆಚೆ, ಕಣ್ಣು ಮುಚ್ಚಿ ನಿಲ್ಲಬೇಕು, ನಮ್ಮ ಅಂಗಳಕ್ಕೆ ಬೀಜ ಬಿಸಾಡಬೇಕು. ಮಾಂಯ್ ಈಚೆ ನಿಲ್ಲಬೇಕು. ನೀವು ಒಳಗೆ ಕುಳಿತುಕೊಳ್ಳಿ ಎಂದು ನಾನು ಹೇಳಿದೆ. ಮಾಂಯ್ ಒಪ್ಪಲಿಲ್ಲ: ನಾನು ನಿಂತಿದ್ದಕ್ಕೇ ಕಳೆದ ವರ್ಷ ಬಂದದ್ದು, ಈ ವರ್ಷ ನಿಲ್ಲದೆ ಬರದಿದ್ದರೆ ಎಂದರು. ಹಣೆಯ ರಕ್ಷಣೆಗೆ ಮಾತ್ರ ಒಳಗಿಂದ ದೊಡ್ಡ ಕರಿ ಕೊಡೆ ತರಿಸಿ ಬಿಡಿಸಿಕೊಂಡರು.

ಮೋಡದ ಚೂರೂ ಇಲ್ಲದ ಜನವರಿಯ ಬೆಳಿಗ್ಗೆ. ಅಂಗಳದ ನಡುವೆ ಮುದುಕಿಯೊಬ್ಬರು ಕೊಡೆ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ನಾನು ತಲೆಗೆ ಅಕ್ಕಿ ಗೇರುವ ಗೆರಸೆ ಹಿಡಿದಿದ್ದೇನೆ, ನನ್ನ ಗಂಡ ದೊರೆಯ ಪುಸ್ತಕ ಹಿಡಿದಿದ್ದಾರೆ. ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ರಸ್ತೆಯಲ್ಲಿ, ಹತ್ತಿರದ ಶಿಲುಬೆಗೆ ಹರಕೆ ಸಲ್ಲಿಸಲೋ ಏನೋ ಬಂದ ಪರವೂರಿನ ಮನುಷ್ಯನೊಬ್ಬ ಗೇಟಿನ ಹತ್ತಿರ ನಿಂತ. ನಮ್ಮನ್ನು ನೋಡಿದ, ಆಕಾಶ ನೋಡಿದ, ಮತ್ತೆ ನಮ್ಮನ್ನು ನೋಡಿದ.

"ಅಮ್ಮ, ಇಲ್ಲಿ ಈಗ ಮಳೆ ಉಂಟಾ?"

"ಈಗ ಬೀಳ್ತದೆ," ಎಂದರು ಮಾಂಯ್.

ಆದರೆ ಬೀಳಲಿಲ್ಲ. ಪಾಗಾರದ ಆಚೆ ಅಕ್ಕ ಮುಷ್ಟಿ ಎತ್ತಿ ಹಾಗೇ ನಿಂತಿದ್ದರು. ಏನನ್ನು ಕಾಯುತ್ತಿದ್ದಾರೆ ಎಂದು ನನಗೆ ಮೊದಲು ಹೊಳೆಯಲಿಲ್ಲ. ಹೊಳೆದ ಮೇಲೆ ನಾನು ಆಚೆಮನೆಯ ಜಗಲಿಯ ಕಡೆ ನೋಡದಿರಲು ಪ್ರಯತ್ನಿಸಿದೆ; ನೋಡಿದೆ. ಜಗಲಿ ಖಾಲಿ ಇತ್ತು. ಮಾಂಯ್ ಕೊಡೆಯನ್ನು ಮುಖ ಕಾಣದಷ್ಟು ಕೆಳಗಿಳಿಸಿದರು.

ಆಗ ಅಕ್ಕನೇ, ಕಣ್ಣು ಮುಚ್ಚಿಕೊಂಡು, ಬಸ್ಸಿನ ಕೊನೆಯ ಸೀಟಿನವರಿಗೂ ಕೇಳುವ ಹಾಗೆ ಕೂಗಿದರು.

"ರೈಟ್, ಪೋಯಿ."

ಕೊಡೆಯ ಮೇಲೆ ಪಟಪಟ ಎಂದು ಬಿತ್ತು. ಗೇಟಿನ ಹತ್ತಿರ ಇದ್ದ ಆ ಮನುಷ್ಯ ಹೆಗಲ ಮೇಲಿದ್ದ ಬೈರಾಸನ್ನು ತಲೆಗೆ ಹಾಕಿಕೊಂಡು ಓಡಿದ.